ಚೌತಿಯ ಚಂದ್ರನನ್ನು ಕಂಡ ಮಗಳಿಗೆ

ಮಂಡ್ಯ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಸಂಘದ ನಗದಿನಲ್ಲಿ ಹಣ ಕಡಿಮೆ ಬಂದು ಎಲ್ಲರ ಕಣ್ಣು ನಿನ್ನ ಮೇಲೆ ಬಿದ್ದಿರುವುದಕ್ಕೆ ಚೌತಿಯ ಸಂಜೆ ಮಹಡಿಯಲ್ಲಿ ಚಂದ್ರನನ್ನು ನೋಡಿದ್ದೇ ಕಾರಣವೆಂದೂ, ದೋಷ ಕಳೆಯುವವರೆಗೆ ರಜೆ ಹಾಕಿ ಮನೆಯಲ್ಲಿರುವೆನೆಂದೂ ನೀನು ಬರೆದ ಎರಡು ಸಾಲು ನನ್ನ ನಿದ್ದೆ ಕೆಡಿಸಿವೆ.

ಸ್ಯಮಂತಕದ ಕಥೆಯನ್ನು ನಿನ್ನ ಅಜ್ಜಿ ಪ್ರತಿ ವರ್ಷ ಹೇಳುತ್ತಿದ್ದರು, ಮತ್ತೆ ಹೇಳುವುದಿಲ್ಲ. ಆದರೆ ಆ ಮಣಿಯನ್ನು ಕದ್ದನೆಂಬ ಅಪವಾದ ಬಂದಾಗ ಕೃಷ್ಣ ಬಾಗಿಲು ಹಾಕಿಕೊಂಡು ಕೂರಲಿಲ್ಲ ಎಂಬುದನ್ನು ನೆನೆದುಕೋ. ಊರವರನ್ನೇ ಜೊತೆಗೆ ಕರೆದುಕೊಂಡು ಕಾಡಿಗೆ ಹೋದ, ಮಣಿ ತೊಟ್ಟು ಬೇಟೆಗೆ ಹೋಗಿ ಸತ್ತು ಬಿದ್ದಿದ್ದ ಪ್ರಸೇನನನ್ನೂ ಕುದುರೆಯನ್ನೂ ಕಂಡ, ಅಲ್ಲಿಂದ ಜಾಡು ಹಿಡಿದು ಜಾಂಬವಂತನ ಗವಿಯವರೆಗೂ ನಡೆದ.

ಚಂದ್ರನಿಗೆ ಹೆದರಿದವರು ನಾವಷ್ಟೇ ಅಲ್ಲ. ಈಗಿನ ಇರಾಕಿನ ಕಡೆಯ ಪ್ರಾಚೀನ ಮೆಸೊಪೊಟೇಮಿಯದವರು ಅವನನ್ನು ಸಿನ್ ಎಂಬ ಹೆಸರಿನಿಂದ ಪೂಜಿಸುತ್ತಿದ್ದರು. ಕ್ರಿ.ಪೂ. 7ನೆಯ ಶತಮಾನದಲ್ಲಿ ಅಲ್ಲಿಯ ಅಸ್ಸೀರಿಯ ರಾಜ್ಯವನ್ನು ಆಳಿದ ಎಸರ್‌ಹದ್ದೋನನ ಕಾಲದಲ್ಲಿ, ಗ್ರಹಣದ ಕೇಡು ರಾಜನಿಗೆ ತಟ್ಟಬಾರದೆಂದು ಬೇರೊಬ್ಬನನ್ನು ಸಿಂಹಾಸನದಲ್ಲಿ ಕೂರಿಸಿ, ಕೊನೆಗೆ ಅವನನ್ನು ಕೊಂದುಬಿಡುತ್ತಿದ್ದರು. ನೀನು ಬಾಯಿ ಮುಚ್ಚಿ ಮನೆಯಲ್ಲಿ ಕೂತರೆ ಆ ಪೀಠಕ್ಕೆ ನಿನ್ನನ್ನೇ ಏರಿಸುತ್ತಾರೆಂಬುದು ನನ್ನ ಭಯ, ಮಗಳೇ. ಕ್ರಿ.ಪೂ. 413ರಲ್ಲಿ ಸಿಸಿಲಿಯ ಸಿರಾಕ್ಯೂಸ್ ನಗರದ ಮುತ್ತಿಗೆ ಬಿಟ್ಟು ಹೊರಡಬೇಕಿದ್ದ, ಗ್ರೀಸಿನ ಅಥೆನ್ಸ್‌ನ ಸೇನಾಪತಿ ನಿಕಿಯಾಸ್ ಚಂದ್ರಗ್ರಹಣವನ್ನು ಕಂಡು, ಜ್ಯೋತಿಷಿಗಳ ಮಾತಿನಂತೆ 27 ದಿನ ನಿಲ್ಲಲು ಒಪ್ಪಿದ. ಅಷ್ಟರಲ್ಲಿ ಶತ್ರುಗಳು ದಾರಿ ಕಟ್ಟಿದರು, ಸೇನೆಯೇ ನಾಶವಾಯಿತು.

ಇಷ್ಟು ತಿಳಿದ ನಾನೇ ಒಮ್ಮೆ ತಪ್ಪಿದ್ದೇನೆ. ಇದು ನಿನ್ನ ಅಪ್ಪನಿಗೂ ಪೂರ್ತಿ ಗೊತ್ತಿಲ್ಲ. ಅಮ್ಮನ ಕೆಂಪುಹರಳಿನ ಓಲೆ ಕಾಣೆಯಾದಾಗ ಮನೆಯವರೆಲ್ಲ ನಿನ್ನ ಸೋದರತ್ತೆಯ ಮೇಲೆ ಅನುಮಾನಪಟ್ಟರು. ಆಗ ನಾನು ಹುಡುಕಲೂ ಇಲ್ಲ, ಅವಳ ಪರವಾಗಿ ನಿಲ್ಲಲೂ ಇಲ್ಲ; 'ಚೌತಿಯ ಚಂದ್ರನನ್ನು ನೋಡಿದ್ದೀಯ, ಅನುಭವಿಸು' ಎಂದುಬಿಟ್ಟೆ. ಸುಗ್ಗಿಗೆ ಮುಂಚೆ ಕಣಜವನ್ನು ಬರಿದು ಮಾಡುವಾಗ ಆ ಓಲೆ ತಳದ ಹೊಟ್ಟಿನಲ್ಲಿ ಸಿಕ್ಕಿತು. ತಿರುಪಿನ ಸಂದಿಯಲ್ಲಿ ಒಂದು ಭತ್ತದ ಕಾಳು ಕಚ್ಚಿಕೊಂಡಿತ್ತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಅವಳ ಮುಂದೆ ನಿಂತೆ. ಅವಳು ಓಲೆಯನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ಕ್ಷಮಿಸೆಂದು ಕೇಳಲು ಈಗ ಅವಳಿಲ್ಲ.

ಈಜಿಪ್ಟಿನವರ ಚಂದ್ರದೇವತೆಗಳಲ್ಲಿ ಒಬ್ಬನಾದ ಥೋತ್ ಲಿಪಿಕಾರನೂ ಹೌದು. ಸತ್ತವರ ಹೃದಯವನ್ನು ತಕ್ಕಡಿಯಲ್ಲಿ ತೂಗುವಾಗ ಪಕ್ಕದಲ್ಲಿ ನಿಂತು ಫಲಿತವನ್ನು ಬರೆದುಕೊಳ್ಳುವವನು ಅವನೇ. ಚಂದ್ರನನ್ನು ನೆನೆಯಲೇಬೇಕಾದರೆ ಅವನನ್ನು ನೆನೆ. ನಿಮ್ಮ ಸಂಘದ ವ್ಯವಹಾರ ನನಗೆ ತಿಳಿಯದು, ಹೇಳುವ ಅಧಿಕಾರವೂ ಇಲ್ಲವೇನೋ. ಆದರೂ ರಸೀದಿ ಪುಸ್ತಕ ಮತ್ತು ನಗದು ಪುಸ್ತಕಗಳನ್ನು ಇನ್ನೊಬ್ಬರ ಎದುರಿನಲ್ಲೇ ದಿನದಿನಕ್ಕೂ ತಾಳೆ ನೋಡು, ಕೇಳುವುದನ್ನು ಬರವಣಿಗೆಯಲ್ಲೇ ಕೇಳು. ಮನಸ್ಸಿನ ಸಮಾಧಾನಕ್ಕೆ ಶ್ಲೋಕ ಹೇಳಿಕೊಳ್ಳುವುದಾದರೆ ಹೇಳಿಕೋ, ನಾನು ಬೇಡವೆನ್ನುವುದಿಲ್ಲ. ರಜೆ ಮಾತ್ರ ಹಾಕಬೇಡ.

ಸೋಮವಾರ ಬೆಳಗಿನ ರೈಲಿಗೆ ಮೈಸೂರಿಗೆ ಬರುತ್ತೇನೆ. ನೀನು ಲೆಕ್ಕ ನೋಡುವಷ್ಟು ಹೊತ್ತೂ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ