ಐದು ತಿಂಗಳಿಗೇ ಮೈದಾನಕ್ಕಿಳಿಯುವ ಆತುರದ ಪುಟ್ಟನಿಗೆ

ಮೈಸೂರು

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನಿನ್ನೆ ರಾತ್ರಿ ನಿನ್ನ ಅಮ್ಮ ಫೋನ್ ಮಾಡಿದ್ದಳು. ಮಂಡಿಯ ಆಪರೇಷನ್ ಆಗಿ ಇನ್ನೂ ಐದು ತಿಂಗಳು ತುಂಬಿಲ್ಲ, ಬೆಳಿಗ್ಗೆ ಕತ್ತಲಿರುವಾಗಲೇ ಎದ್ದು ಮೈದಾನಕ್ಕೆ ಹೋಗಿ ಓಡುತ್ತಿದ್ದೀಯಂತೆ. ಮುಂದಿನ ತಿಂಗಳ ಟೂರ್ನಿಗೆ ಹೆಸರು ಬೇರೆ ಕೊಟ್ಟಿದ್ದೀಯಂತೆ. ಯಾಕೋ ಅಂತ ಕೇಳಿದರೆ, "ರೊನಾಲ್ಡೊಗೂ ಮಂಡಿ ಹೋಗಿತ್ತು, ಆಮೇಲೂ ವರ್ಲ್ಡ್ ಕಪ್ ಗೆಲ್ಲಲಿಲ್ವಾ" ಅಂದೆಯಂತೆ. ಪಾಪ, ಅವಳಿಗೆ ರೊನಾಲ್ಡೊ ಅಂದರೆ ಪೋರ್ಚುಗಲ್‌ನವನು. ನೀನು ಹೇಳಿದ್ದು ಬ್ರೆಜಿಲ್‌ನವನನ್ನು ಅಂತ ನನಗೆ ತಕ್ಷಣ ಗೊತ್ತಾಯಿತು. ಅವನ ಕತೆಯನ್ನು ನಿನಗೆ ಚಿಕ್ಕಂದಿನಲ್ಲಿ ಹೇಳಿದವಳು ನಾನೇ ತಾನೆ. ಹಾಗಾಗಿ ನೀನು ಅಮ್ಮನಿಗೆ ಹೇಳದೆ ನುಂಗಿಕೊಂಡ ಭಾಗವೂ ನನಗೆ ಗೊತ್ತು.

ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಚುಚ್ಚುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ಆಡುವ ಆಸೆ ತಪ್ಪೇನಲ್ಲ. ಆದರೆ ಆಡಬಹುದೋ ಬಾರದೋ ಎಂದು ತೀರ್ಮಾನಿಸುವ ಕೆಲಸ ಆಡಲು ಹಾತೊರೆಯುತ್ತಿರುವವನದ್ದಲ್ಲ. ಅವನನ್ನು ಆಡಿಸಿ ಲಾಭ ಮಾಡಿಕೊಳ್ಳುವವರದ್ದೂ ಅಲ್ಲ. ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಊರವರ ಮಂಡಿ ಬಗ್ಗಿಸುತ್ತಲೇ ಆಯುಷ್ಯ ಕಳೆದವಳು ನಾನು. ಇಷ್ಟು ಹೇಳುವ ಅಧಿಕಾರ ನನಗುಂಟು.

ರೊನಾಲ್ಡೊ ಹುಟ್ಟಿದ್ದು 1976ರಲ್ಲಿ, ಬೆಳೆದದ್ದು ರಿಯೊ ಡಿ ಜನೈರೊದ ಹೊರವಲಯದ ಬೆಂಟೊ ರಿಬೈರೊ ಎಂಬಲ್ಲಿ. ಕಾಸಿಗೆ ಕಷ್ಟದ ಮನೆ. ಫ್ಲಮೆಂಗೊ ಅವನ ಪ್ರೀತಿಯ ಕ್ಲಬ್. ಆದರೆ ಅಲ್ಲಿಗೆ ದಿನಾ ಹೋಗಿಬರಲು ಬಸ್ ಚಾರ್ಜು ಹೊಂದಿಸಲಾಗದೆ ಆ ಅವಕಾಶ ತಪ್ಪಿತು ಎಂಬುದು ಎಲ್ಲರೂ ಕೇಳಿರುವ ಮಾತು. ಮೊದಲು ಆಡಿದ್ದು ಫುಟ್ಸಾಲ್. ಪುಟ್ಟ ಅಂಗಳ, ಗಟ್ಟಿ ನೆಲ, ಐದೈದು ಜನ, ತಿರುಗಲೂ ಜಾಗ ಇರುವುದಿಲ್ಲ. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ. ಆಮೇಲೆ ಸಾವೊ ಕ್ರಿಸ್ಟೊವಾವೊ ಎಂಬ ಸಣ್ಣ ಕ್ಲಬ್. 1970ರ ವಿಶ್ವಕಪ್ ವೀರ ಜೈರ್ಜಿನೊ ಇವನನ್ನು ನೋಡಿ ಬೆಲೊ ಹಾರಿಜಾಂಟೆಯ ಕ್ರುಜೇರೊ ಕ್ಲಬ್‌ಗೆ ಶಿಫಾರಸು ಮಾಡಿದ. ಹದಿನೇಳರ ಹುಡುಗ 1994ರ ವಿಶ್ವಕಪ್ ತಂಡದಲ್ಲಿದ್ದ. ಬ್ರೆಜಿಲ್ ಕಪ್ ಗೆದ್ದಿತು, ಇವನು ಒಂದು ನಿಮಿಷವೂ ಆಡಲಿಲ್ಲ. ಬೆಂಚಿನ ಮೇಲೆ ಕೂತು ಬಂದದ್ದಕ್ಕೆ ಅವನ ಮಾನವೇನೂ ಹೋಗಲಿಲ್ಲ. ಇದನ್ನು ನಿನಗಾಗಿಯೇ ಹೇಳುತ್ತಿದ್ದೇನೆ.

ಅಲ್ಲಿಂದ ಹಾಲೆಂಡಿನ ಪಿಎಸ್‌ವಿ, ಎರಡು ಋತುಗಳಲ್ಲಿ 54 ಗೋಲು. 1996ರಲ್ಲಿ ಬಾರ್ಸಿಲೋನ, ಒಂದೇ ಋತುವಿನಲ್ಲಿ 47. ಕಾಂಪೊಸ್ತೆಲಾ ಎಂಬ ಸ್ಪೇನ್ ಕ್ಲಬ್ ವಿರುದ್ಧದ ಆ ಗೋಲನ್ನು ನೀನು ಎಷ್ಟು ಸಲ ನೋಡಿದ್ದೀಯೋ! ತನ್ನ ಅರ್ಧದಲ್ಲೇ ಚೆಂಡು ಕಸಿದು, ಹಿಂದಿನಿಂದ ಅಂಗಿ ಹಿಡಿದು ಜಗ್ಗಿದವನನ್ನೂ ಬಿಡಿಸಿಕೊಂಡು ನುಗ್ಗಿದ. ತರಬೇತುದಾರ ಬಾಬಿ ರಾಬ್ಸನ್ ಎದ್ದು ನಿಂತು ತಲೆಯ ಮೇಲೆ ಕೈ ಇಟ್ಟುಕೊಂಡರು. ಇಪ್ಪತ್ತನೆಯ ವಯಸ್ಸಿಗೆ ಫಿಫಾದ ವರ್ಷದ ಆಟಗಾರ. ಮರುವರ್ಷ ಇಂಟರ್ ಮಿಲಾನ್ ದಾಖಲೆ ಮೊತ್ತ ಕೊಟ್ಟು ಕೊಂಡುಕೊಂಡಿತು. ಅದೇ ವರ್ಷ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಕೂಡ ಬಂತು.

ನೀನು ಆ ಗೋಲು ನೋಡುವಾಗ ಕಾಲು ನೋಡುತ್ತೀಯ, ನಾನು ಮಂಡಿ ನೋಡುತ್ತೇನೆ. ಅಷ್ಟು ವೇಗದಲ್ಲಿ ಓಡುತ್ತಾ, ಮೈಭಾರವನ್ನೆಲ್ಲ ಒಂದು ಕಾಲಿನ ಮೇಲೆ ಹಾಕಿ, ಗಕ್ಕನೆ ದಿಕ್ಕು ಬದಲಿಸುವ ಆಟ ಅದು. ಆ ಹೊರೆಯನ್ನೆಲ್ಲ ಹೊರುವುದು ಮಂಡಿಚಿಪ್ಪಿನ ಕೆಳಗಿರುವ ಒಂದು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ಪಟ್ಟಿ. ಬಾರ್ಸಿಲೋನಕ್ಕೆ ಬರುವ ಮುಂಚೆಯೇ, ಪಿಎಸ್‌ವಿಯಲ್ಲಿದ್ದಾಗ, ಅವನ ಬಲಮಂಡಿಗೆ ಒಮ್ಮೆ ಆಪರೇಷನ್ ಆಗಿತ್ತು. ಮಂಡಿ ಅಷ್ಟು ಹೊತ್ತಿಗೇ ಎಚ್ಚರಿಸಿತ್ತು.

ಇನ್ನು 1998ರ ಜುಲೈ 12. ಪ್ಯಾರಿಸ್ ಪಕ್ಕದ ಸೇಂಟ್ ಡೆನಿಯಲ್ಲಿ ಫ್ರಾನ್ಸ್ ಎದುರು ವಿಶ್ವಕಪ್ ಫೈನಲ್. ಆ ಮಧ್ಯಾಹ್ನ ಹೋಟೆಲಿನಲ್ಲಿ ರೊನಾಲ್ಡೊಗೆ ಫಿಟ್ಸ್ ಬಂತು. ಅದೇ ಕೋಣೆಯಲ್ಲಿದ್ದ ರಾಬರ್ಟೊ ಕಾರ್ಲೋಸ್ ಗಾಬರಿಯಿಂದ ಉಳಿದವರನ್ನು ಕರೆದ. ರೊನಾಲ್ಡೊನನ್ನು ಆಸ್ಪತ್ರೆಗೆ ಕರೆದೊಯ್ದು ಪರೀಕ್ಷೆ ಮಾಡಿಸಿದರು, ಏನೂ ಕಾಣಿಸಲಿಲ್ಲ. ಕ್ರೀಡಾಂಗಣದಲ್ಲಿ ಮೊದಲು ಹಂಚಿದ ಪಟ್ಟಿಯಲ್ಲಿ ಇವನ ಹೆಸರಿರಲಿಲ್ಲ, ಎಡ್ಮಂಡೊ ಹೆಸರಿತ್ತು. ಪಂದ್ಯಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಬಂದು, ನಾನು ಸರಿಯಾಗಿದ್ದೇನೆ, ಆಡುತ್ತೇನೆ ಅಂದ. ಕೋಚ್ ಜಗಾಲೊ ಒಪ್ಪಿದರು. ಪಟ್ಟಿ ಬದಲಾಯಿತು. ಬ್ರೆಜಿಲ್ 3-0ಯಿಂದ ಸೋತಿತು. ಜಿದಾನ್ ತಲೆಯಿಂದ ಹೊಡೆದ ಎರಡು ಗೋಲುಗಳನ್ನು ಜಗತ್ತು ನೆನಪಿಟ್ಟುಕೊಂಡಿದೆ. ನನಗೆ ನೆನಪಿರುವುದು ಆ ಇಪ್ಪತ್ತೊಂದರ ಹುಡುಗ ಮೈದಾನದಲ್ಲಿ ಕಳೆದುಹೋದವನ ಹಾಗೆ ಅಡ್ಡಾಡುತ್ತಿದ್ದದ್ದು.

ತಂಡದ ಪ್ರಾಯೋಜಕರಾದ ನೈಕಿ ಕಂಪನಿಯವರು ಒತ್ತಾಯ ಮಾಡಿ ಆಡಿಸಿದರು ಅಂತ ಊರೆಲ್ಲ ಮಾತಾಯಿತು. ಬ್ರೆಜಿಲ್‌ನ ಸಂಸತ್ತೇ ವಿಚಾರಣೆಗೆ ಕೂತಿತು, ಇವನೂ ಹೋಗಿ ಹೇಳಿಕೆ ಕೊಟ್ಟ. ನನ್ನನ್ನು ಯಾರೂ ಬಲವಂತ ಮಾಡಲಿಲ್ಲ ಅಂದ. ನಾನು ಅದನ್ನು ನಂಬುತ್ತೇನೆ. ಬಲವಂತ ಬೇಕಾಗಿಯೇ ಇರಲಿಲ್ಲವಲ್ಲ! ವಿಶ್ವಕಪ್ ಫೈನಲ್ ದಿನ ಆಡಬೇಕಾದವನನ್ನೇ "ಹೇಗಿದ್ದೀಯಪ್ಪಾ" ಅಂತ ಕೇಳಿದರೆ ಅವನು ಇನ್ನೇನು ಹೇಳುತ್ತಾನೆ? ಮಧ್ಯಾಹ್ನ ಪ್ರಜ್ಞೆ ತಪ್ಪಿದವನು ರಾತ್ರಿ ಆಡುವುದು ಬೇಡ ಅನ್ನಲು ಅಲ್ಲಿ ಒಬ್ಬ ಹಿರಿಯರಿಗೂ ಬಾಯಿ ಬರಲಿಲ್ಲ.

ಈಗ ನಿನಗೆ ಸಂಬಂಧಪಟ್ಟ ಭಾಗ. 1999ರ ನವೆಂಬರ್ 21ರಂದು ಇಂಟರ್ ಪರ ಲೆಚ್ಚೆ ಎಂಬ ಇಟಲಿಯ ಕ್ಲಬ್ ವಿರುದ್ಧ ಆಡುವಾಗ ಬಲಮಂಡಿಯ ಆ ಟೆಂಡನ್‌ಗೆ ಪೆಟ್ಟಾಯಿತು. ಪ್ಯಾರಿಸ್ಸಿನಲ್ಲಿ ಡಾಕ್ಟರ್ ಜೆರಾರ್ ಸೈಯಾಂ ಆಪರೇಷನ್ ಮಾಡಿದರು. 2000ದ ಏಪ್ರಿಲ್ 12ರಂದು ರೋಮ್‌ನಲ್ಲಿ ಲಾಜಿಯೊ ಕ್ಲಬ್ ವಿರುದ್ಧ ಇಟಲಿಯ ಕಪ್ ಟೂರ್ನಿ ಕೊಪ್ಪಾ ಇಟಾಲಿಯಾ ಫೈನಲ್‌ನ ಮೊದಲ ಪಂದ್ಯ. ನವೆಂಬರ್‌ನಿಂದ ಏಪ್ರಿಲ್‌ಗೆ ಲೆಕ್ಕ ಹಾಕು. ಐದು ತಿಂಗಳೂ ತುಂಬಿರಲಿಲ್ಲ, ನಿನ್ನ ಹಾಗೆಯೇ. ದ್ವಿತೀಯಾರ್ಧದಲ್ಲಿ ಬದಲಿ ಆಟಗಾರನಾಗಿ ಇಳಿದ. ಆರೇಳು ನಿಮಿಷ ಆಗಿರಬಹುದು. ಚೆಂಡು ತೆಗೆದುಕೊಂಡು ಪೆನಾಲ್ಟಿ ಬಾಕ್ಸಿನ ಕಡೆ ಹೊರಟ, ತನ್ನ ಹಳೆಯ ಮೋಡಿಯಂತೆ ಚೆಂಡಿನ ಮೇಲೆ ಕಾಲಾಡಿಸಿದ, ಅಷ್ಟೆ. ಯಾರೂ ತಾಗಲಿಲ್ಲ, ಯಾರೂ ಒದೆಯಲಿಲ್ಲ. ಮಂಡಿ ಮಡಚಿಕೊಂಡು ಕುಸಿದ. ಅವನ ಚೀರಾಟ ಕೇಳಿ ಎದುರಾಳಿಗಳೇ ಡಾಕ್ಟರನ್ನು ಕರೆಯತೊಡಗಿದರು. ಟೆಂಡನ್ ಪೂರ್ತಿ ಹರಿದಿತ್ತು. ಕೆಳಗೆ ಹಿಡಿದಿಡುವುದು ಹರಿದರೆ ಮೇಲಿನ ತೊಡೆಯ ಸ್ನಾಯು ಚಿಪ್ಪನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಅವನ ಫಿಸಿಯೋ ನಿಲ್ಟನ್ ಪೆಟ್ರೋನೆ ಆಮೇಲೆ ಹೇಳಿದ್ದಾರೆ, ಮಂಡಿಚಿಪ್ಪು ತೊಡೆಯ ನಡುವಿಗೆ ಬಂದಿತ್ತಂತೆ. ಆ ವೀಡಿಯೋ ನೋಡಬೇಡ ಅಂತ ಬೇರೆಯವರಿಗೆ ಹೇಳುತ್ತೇನೆ. ನೀನು ನೋಡು.

ನಿನ್ನದು ಎಸಿಎಲ್, ಮಂಡಿಯೊಳಗೆ ಎರಡು ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್, ಅವನದು ಬೇರೆ, ಒಪ್ಪಿದೆ. ಆದರೆ "ನೋವೇ ಇಲ್ಲ ದೊಡ್ಡಮ್ಮ" ಅಂತ ಮೆಸೇಜ್ ಮಾಡಿದ್ದೆಯಲ್ಲ, ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. ನಿನ್ನ ತೊಡೆಯ ಹಿಂದಿನ ಟೆಂಡನ್ ತೆಗೆದು ಮಂಡಿಯೊಳಗೆ ಕೂರಿಸಿದ್ದಾರೆ. ಅದಕ್ಕೆ ಹೊಸ ರಕ್ತನಾಳ ಬೆಳೆದು, ಅದು ಲಿಗಮೆಂಟಿನ ಗುಣ ಪಡೆದುಕೊಳ್ಳುವುದಕ್ಕೆ ವರ್ಷವೇ ಹಿಡಿಯುತ್ತದೆ. ನೋವು, ಬಾವು ಎಲ್ಲ ಅದಕ್ಕಿಂತ ಎಷ್ಟೋ ಮೊದಲೇ ಹೋಗುತ್ತವೆ. ಹೊಸದಾಗಿ ಹಾಕಿದ ಆರ್‌ಸಿಸಿ ಕೈಗೆ ಗಟ್ಟಿ ಅನಿಸಿತು ಅಂತ ಮಾರನೆಯ ದಿನವೇ ಯಾರೂ ಸೆಂಟ್ರಿಂಗ್ ಬಿಚ್ಚುವುದಿಲ್ಲ. ಒಂಬತ್ತು ತಿಂಗಳಿಗೆ ಮುಂಚೆ ಆಟಕ್ಕೆ ಮರಳಿದವರ ಮಂಡಿ ಮತ್ತೆ ಹೋಗುವ ಸಂಭವ ಹೆಚ್ಚು. ಇದು ನನ್ನ ಮಾತಲ್ಲ, ಈ ಕೆಲಸ ಮಾಡುವವರೆಲ್ಲ ಒಪ್ಪುವ ಮಾತು. ಅದರಲ್ಲೂ ನಿನ್ನ ವಯಸ್ಸಿನವರಲ್ಲಿ.

ಎರಡನೆಯ ಆಪರೇಷನ್ ಆದಮೇಲೆ 2000-01ರ ಇಡೀ ಋತುವಿನಲ್ಲಿ ರೊನಾಲ್ಡೊ ಒಂದೂ ಪಂದ್ಯ ಆಡಲಿಲ್ಲ. ನೀನು ನುಂಗಿಕೊಂಡದ್ದು ಇದನ್ನೇ. ನಿನ್ನ ಕತೆಯಲ್ಲಿ ಮಂಡಿ ಹೋಯಿತು, ಕಪ್ ಬಂತು. ನಡುವೆ ಕ್ಯಾಮೆರಾ ಇಲ್ಲದ ದಿನಗಳು: ಮಂಡಿ ಒಂದಿಷ್ಟು ಹೆಚ್ಚು ಬಗ್ಗಿಸು, ಗೋಡೆಗೆ ಬೆನ್ನು ಕೊಟ್ಟು ಕೂರು, ಮೆಟ್ಟಿಲು ಹತ್ತು, ಇಳಿ, ಮತ್ತೆ ಹತ್ತು. ಎಷ್ಟು ಬೇಸರದ ಕೆಲಸ ಅಂತ ನನಗೆ ಗೊತ್ತು. ಎಷ್ಟೋ ಜನ ನನ್ನ ಮುಖ ನೋಡಿದರೇ ಸಿಡುಕುತ್ತಿದ್ದರು.

ಮರಳಿ ಬಂದಮೇಲೂ ಸುಖವೇನಿರಲಿಲ್ಲ. 2001-02ರಲ್ಲಿ ಇಂಟರ್ ಪರ ಲೀಗ್‌ನಲ್ಲಿ ಆಡಿದ್ದು ಬರೀ ಹತ್ತು ಪಂದ್ಯ. 2002ರ ಮೇ 5ರಂದು ಅದೇ ರೋಮ್, ಅದೇ ಲಾಜಿಯೊ. ಗೆದ್ದಿದ್ದರೆ ಲೀಗ್ ಕಿರೀಟ ಇಂಟರ್‌ನದು. 4-2ರಿಂದ ಸೋತರು. ಪಂದ್ಯದ ನಡುವೆ ಹೊರಗೆ ಬಂದಿದ್ದ ರೊನಾಲ್ಡೊ ಬೆಂಚಿನಲ್ಲಿ ಮುಖ ಮುಚ್ಚಿಕೊಂಡು ಅತ್ತ. ಬ್ರೆಜಿಲ್‌ನಲ್ಲಿ ಆಗ ಜನ ಹಿರಿಯ ಸ್ಟ್ರೈಕರ್ ರೊಮಾರಿಯೊ ಬೇಕು ಅಂತ ಗಲಾಟೆ ಮಾಡುತ್ತಿದ್ದರು. ಕೋಚ್ ಸ್ಕೊಲಾರಿ ಯಾರ ಮಾತಿಗೂ ಬಗ್ಗದೆ ರೊಮಾರಿಯೊನನ್ನು ಬಿಟ್ಟು ಇವನನ್ನು ಕರೆದೊಯ್ದರು.

ಜಪಾನ್-ಕೊರಿಯಾದ ಆ ವಿಶ್ವಕಪ್‌ನಲ್ಲಿ ಅವನು ಹೊಡೆದದ್ದು 8 ಗೋಲು. ನಿಧಾನವಾಗಿ ಕೂತು ನೋಡು. ಕಾಂಪೊಸ್ತೆಲಾದಲ್ಲಿ ಓಡಿದ ಹಾಗೆ ಅರ್ಧ ಮೈದಾನ ಓಡಿ ಹೊಡೆದದ್ದು ಒಂದೂ ಇಲ್ಲ. ಟರ್ಕಿ ಎದುರಿನ ಸೆಮಿಫೈನಲ್ ಗೋಲಂತೂ ಬೂಟಿನ ತುದಿಯಿಂದ ಚುಚ್ಚಿದ್ದು. ಕಾಲು ಹಿಂದಕ್ಕೆ ಬೀಸದೆ ಹೊಡೆದ ಕಾರಣ ಗೋಲ್‌ಕೀಪರ್‌ಗೆ ಸುಳಿವೇ ಸಿಗಲಿಲ್ಲ. ಅದು ಫುಟ್ಸಾಲ್ ಹೊಡೆತ. ವೇಗದಲ್ಲಿ ಒಂದಿಷ್ಟನ್ನು ಮಂಡಿ ಕಸಿದುಕೊಂಡಿತು, ಹುಡುಗನಾಗಿದ್ದಾಗ ಗಟ್ಟಿ ನೆಲದ ಮೇಲೆ ಕಲಿತದ್ದನ್ನು ಕಸಿಯಲಾಗಲಿಲ್ಲ. ಹಣೆಯ ಮೇಲೆ ಒಂದು ತ್ರಿಕೋನ ಕೂದಲು ಬಿಟ್ಟು ಉಳಿದದ್ದನ್ನು ಬೋಳಿಸಿಕೊಂಡಿದ್ದನಲ್ಲ, ಕಾಲುನೋವಿನ ಬಗ್ಗೆ ಕೇಳುತ್ತಿದ್ದ ಪತ್ರಕರ್ತರು ಕೂದಲಿನ ಬಗ್ಗೆ ಮಾತಾಡಲಿ ಅಂತ ಹಾಗೆ ಮಾಡಿದೆ ಎಂದು ಅವನೇ ಹೇಳಿದ್ದಾನೆ. ದಯವಿಟ್ಟು ನೀನು ಅದೊಂದನ್ನು ಅನುಸರಿಸಬೇಡ, ನಿನ್ನ ಅಜ್ಜಿಗೆ ಬಿಪಿ ಇದೆ.

ಜೂನ್ 30, ಯೊಕೊಹಾಮಾ. ಜರ್ಮನಿಯ ಗೋಲ್‌ಕೀಪರ್ ಆಲಿವರ್ ಕಾನ್ ಅಲ್ಲಿಯತನಕ ಇಡೀ ಟೂರ್ನಿಯಲ್ಲಿ ಬಿಟ್ಟುಕೊಟ್ಟದ್ದು ಒಂದೇ ಗೋಲು. ರೊನಾಲ್ಡೊ ಚೆಂಡು ಕಳೆದುಕೊಂಡು ಬಿದ್ದ, ಎದ್ದ, ಜರ್ಮನಿಯ ಹಾಮಾನ್‌ನ ಕಾಲಿನಿಂದ ವಾಪಸ್ ಕಸಿದ, ಜೊತೆಯಾಟಗಾರ ರಿವಾಲ್ಡೊಗೆ ಕೊಟ್ಟ. ಕೊಟ್ಟು ನಿಂತು ನೋಡಲಿಲ್ಲ, ನೇರ ಗೋಲಿನ ಕಡೆ ನಡೆದ. ರಿವಾಲ್ಡೊ ಹೊಡೆದ ಚೆಂಡು ಕಾನ್‌ನ ಎದೆಯಿಂದ ಜಾರಿತು, ಇವನು ಅಲ್ಲಿಗೆ ಬಂದಾಗಿತ್ತು. ಸ್ವಲ್ಪ ಹೊತ್ತಿಗೆ ಇನ್ನೊಂದು. 2-0. ಈಗ ನಿನ್ನ ಮಂಡಿಯೊಳಗೆ ಕೂರಿಸಿದ ಟೆಂಡನ್ ಮಾಗುವ ಈ ತಿಂಗಳುಗಳಲ್ಲಿ ಇದನ್ನು ಕಲಿ: ಚೆಂಡು ಎಲ್ಲಿ ಬೀಳುತ್ತದೆ ಎಂದು ಮುಂಚೆಯೇ ಕಾಣುವುದು, ಮೊದಲ ಸ್ಪರ್ಶ, ಎಡಗಾಲು. ನಿಂತಲ್ಲೇ ಗೋಡೆಗೆ ಹೊಡೆದು ಕಲಿಯಬಹುದು, ಫಿಸಿಯೋ ಎಷ್ಟು ಹೇಳುತ್ತಾರೋ ಅಷ್ಟು ಮಾತ್ರ.

ಕಪ್ ಗೆದ್ದಲ್ಲಿಗೆ ಕತೆ ನಿಲ್ಲಲಿಲ್ಲ ಎನ್ನುವುದೂ ನಿನಗೆ ಗೊತ್ತಿರಲಿ. ರಿಯಲ್ ಮ್ಯಾಡ್ರಿಡ್ ಪರ ಮ್ಯಾಂಚೆಸ್ಟರಿನಲ್ಲಿ ಮೂರು ಗೋಲು ಹೊಡೆದಾಗ ಎದುರಾಳಿ ಪ್ರೇಕ್ಷಕರೇ ಎದ್ದು ಚಪ್ಪಾಳೆ ತಟ್ಟಿದರು. 2006ರಲ್ಲಿ ಘಾನಾ ವಿರುದ್ಧ ವಿಶ್ವಕಪ್‌ನ 15ನೆಯ ಗೋಲು ಹೊಡೆದು ಗೆರ್ಡ್ ಮ್ಯೂಲರ್‌ನ ದಾಖಲೆ ದಾಟಿದ. ಅಷ್ಟು ಹೊತ್ತಿಗೆ ದಪ್ಪಗಿದ್ದಾನೆ ಅಂತ ಲೋಕವೆಲ್ಲ ಆಡಿಕೊಳ್ಳುತ್ತಿತ್ತು. 2008ರ ಫೆಬ್ರವರಿಯಲ್ಲಿ ಎಸಿ ಮಿಲಾನ್‌ಗೆ ಆಡುವಾಗ ಎಡಮಂಡಿಯೂ ಹಾಗೆಯೇ ಹರಿಯಿತು. ಅಲ್ಲಿಂದಲೂ ಎದ್ದು ಊರಿಗೆ ಮರಳಿ ಕೊರಿಂಥಿಯನ್ಸ್ ಸೇರಿ ಬ್ರೆಜಿಲ್ ಕಪ್ ಗೆದ್ದ. 2011ರ ಫೆಬ್ರವರಿ 14ರಂದು ಅಳುತ್ತಾ ನಿವೃತ್ತಿ ಹೇಳಿದ, ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಮೈ ಮಾಡಿಕೊಡುತ್ತಿಲ್ಲ ಅಂದ. ತನಗೆ ಹೈಪೋಥೈರಾಯ್ಡ್ ಇದೆ ಎಂದೂ ಅವತ್ತೇ ತಿಳಿಸಿದ. ಆಗ ಅವನಿಗೆ ಮೂವತ್ತನಾಲ್ಕು.

ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನಿಲ್ಲಿಸಿರುವ ಊರು ನಿಮ್ಮ ಬೆಂಗಳೂರು, ಅಲ್ಲಿ ಫುಟ್‌ಬಾಲ್ ಹುಚ್ಚಿಗೇನೂ ಬರವಿಲ್ಲ. ಈ ಟೂರ್ನಿ ಹೋದರೆ ಇನ್ನೊಂದು ಬರುತ್ತದೆ. ನಿಮ್ಮ ಕ್ಲಬ್ಬಿನವರು ಒಳ್ಳೆಯವರೇ ಇರಬಹುದು, ಆದರೆ ಅವರಿಗೆ ಮುಂದಿನ ತಿಂಗಳು ಸ್ಟ್ರೈಕರ್ ಬೇಕು, ನಿನಗೆ ಮುಂದಿನ ಹದಿನೈದು ವರ್ಷ ಮಂಡಿ ಬೇಕು. ಕೋಚ್ ಹತ್ತಿರ ಮಾತಾಡಲು ಮುಜುಗರ ಆದರೆ ಅವರ ನಂಬರ್ ಕಳಿಸು, ನಾನು ಮಾತಾಡುತ್ತೇನೆ. ಹೆಂಗಸು, ಅದೂ ಮೈಸೂರಿನ ಮುದುಕಿ, ಫುಟ್‌ಬಾಲ್ ಬಗ್ಗೆ ಏನು ಹೇಳಿಯಾಳು ಅಂದುಕೊಂಡರೆ ಅಂದುಕೊಳ್ಳಲಿ.

ಸದ್ಯಕ್ಕೆ ಬೆಳಗಿನ ಓಟ ನಿಲ್ಲಿಸು. ಮುಂದಿನ ಸಲ ತೋರಿಸಲು ಹೋದಾಗ ಎರಡೂ ತೊಡೆಯ ಬಲ ಅಳೆಸು. ಒಂದೇ ಕಾಲಿನಲ್ಲಿ ಹಾರುವ ಹಾಪ್ ಟೆಸ್ಟನ್ನು ಯಾವಾಗ ಮಾಡಬಹುದು ಅಂತ ಅವರನ್ನೇ ಕೇಳು, ಮನೆಯಲ್ಲಿ ನೀನೇ ಹಾರಿ ನೋಡಬೇಡ. ಆಪರೇಷನ್ ಆದ ಕಾಲು ಇನ್ನೊಂದರ ನೂರಕ್ಕೆ ತೊಂಬತ್ತರಷ್ಟಾದರೂ ಬಾರದೆ, ಒಂಬತ್ತು ತಿಂಗಳೂ ತುಂಬದೆ, ಬೂಟು ಅಟ್ಟದಿಂದ ಇಳಿಯಬಾರದು. ಬಲದ ಅಂಕಿಗಳನ್ನು ಕಾಗದದ ಮೇಲೆ ಬರೆಸಿಕೊಂಡು ಫೋಟೋ ತೆಗೆದು ಕಳಿಸು, "ಎಲ್ಲಾ ಓಕೆ" ಅಂತ ಬರೆದರೆ ನಾನು ಒಪ್ಪುವುದಿಲ್ಲ. ಟೂರ್ನಿಯಿಂದ ಹೆಸರು ವಾಪಸ್ ತೆಗೆದುಕೊಂಡ ವಿಷಯ ಭಾನುವಾರದೊಳಗೆ ಅಮ್ಮನಿಗೆ ನೀನೇ ಹೇಳು. ದಸರಾ ರಜೆಗೆ ಅವಳನ್ನೂ ಕರೆದುಕೊಂಡು ಬಾ, ಮೆಟ್ಟಿಲು ಹತ್ತಿಸಿ ಇಳಿಸಿ ನಾನೇ ಒಮ್ಮೆ ನೋಡುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ