ಅಮ್ಮನಿಗೆ ಅವಳ ತಲೆಯೊಳಗನ್ನು ತೋರಿಸಿಕೊಟ್ಟವರಿಗೆ

ಅಮ್ಮನ ತಲೆಯೊಳಗಿನ ಗೆಡ್ಡೆಯ ಆಪರೇಷನ್ ಆಗಿ ಒಂದು ವರ್ಷ. ಮೊನ್ನೆ ಅದರ ಸ್ಕ್ಯಾನ್ ಆಯಿತು. ಡಾಕ್ಟರು ಹಳೆಯದು, ಹೊಸದು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. "ಉಳಿಸಿದ್ದ ಚೂರು ಬೆಳೆದಿಲ್ಲ, ಹಾಗೇ ಇದೆ" ಅಂದರು. ಇದೊಂದು ಮಾತಿಗಾಗಿ ಕಾಯುತ್ತಿದ್ದೆ. ಈಗ ಹೇಳಬೇಕಾದವರಿಗೆಲ್ಲ ಥ್ಯಾಂಕ್ಸ್ ಹೇಳಿಬಿಡುತ್ತೇನೆ.

ಮೊದಲು ನಮ್ಮ ಚಿಕ್ಕಮ್ಮನಿಗೆ. ಮದುವೆಮನೆಯ ಫೋಟೊ ನೋಡಿ, "ಅಕ್ಕನ ಬಲಗಣ್ಣು ಮುಂದೆ ಬಂದಿದೆ ಕಣೇ" ಅಂದವರು ಅವರೇ. ದಿನಾ ಜೊತೆಗಿದ್ದ ನನಗೆ ಕಂಡಿರಲಿಲ್ಲ. ವಯಸ್ಸಾಯಿತು, ಪೊರೆ ಬಂದಿರಬೇಕು, ಥೈರಾಯ್ಡ್ ಇರಬಹುದು ಅಂತ ಅಲ್ಲಿ ಇಲ್ಲಿ ತೋರಿಸುವುದರಲ್ಲಿ ಏಳೆಂಟು ತಿಂಗಳು ಹೋಗಿತ್ತು. ಎಂಆರ್‌ಐ ಮಾಡಿಸಲೇಬೇಕು ಅಂತ ಹಠ ಹಿಡಿದವರೂ ಚಿಕ್ಕಮ್ಮನೇ.

ರಿಪೋರ್ಟಿನಲ್ಲಿ ಮೆನಿಂಜಿಯೋಮಾ ಅಂತ ಇತ್ತು. ಮೆದುಳಿನ ಸುತ್ತ ಇರುವ ಪೊರೆಯಲ್ಲಿ ಹುಟ್ಟುವ ಗೆಡ್ಡೆ. ಇಂಥವು ಹೆಚ್ಚಿನವು ಕ್ಯಾನ್ಸರ್ ಅಲ್ಲ, ನಿಧಾನವಾಗಿ ಬೆಳೆಯುತ್ತವೆ. ಆದರೆ ಅಮ್ಮನದು ಕೂತ ಜಾಗ ಸರಿಯಿರಲಿಲ್ಲ. ಕಣ್ಣಿನ ಗೂಡಿನ ಹಿಂದೆ, ಬುರುಡೆಯ ತಳದಲ್ಲಿ, ಕಣ್ಣಿನ ನರದ ಪಕ್ಕದಲ್ಲೇ. ಆ ಫಿಲ್ಮುಗಳನ್ನು ತಿಪಟೂರಿನ ಮನೆಯ ಕಿಟಕಿಗೆ ಹಿಡಿದು ಎಷ್ಟು ಸಲ ನೋಡಿದೆವೋ. ಏನೂ ಗೊತ್ತಾಗಲಿಲ್ಲ. ಅಮ್ಮ ಮಾತ್ರ ಒಂದೇ ಮಾತು: "ತಲೆ ಬಿಚ್ಚಿಸಿಕೊಳ್ಳಲ್ಲ."

ಬೆಂಗಳೂರಿನಲ್ಲಿ ಆ ರೇಡಿಯಾಲಜಿ ಡಾಕ್ಟರು ಸಿಗದಿದ್ದರೆ ಅಮ್ಮ ಒಪ್ಪುತ್ತಲೇ ಇರಲಿಲ್ಲ. ಆಕೆ ಅಮ್ಮನನ್ನು ಕಂಪ್ಯೂಟರ್ ಮುಂದೆ ಕೂರಿಸಿಕೊಂಡರು. ಸಿಟಿ ಸ್ಕ್ಯಾನಿನಲ್ಲಿ ಮೂಳೆ ಚೆನ್ನಾಗಿ ಕಾಣುತ್ತದಂತೆ. ಗೆಡ್ಡೆ, ನರದಂಥ ಮೆತ್ತನೆಯದು ಎಂಆರ್‌ಐನಲ್ಲಿ ಕಾಣುತ್ತದೆ. ಒಂದೊಂದೂ ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪದ ನೂರಾರು ಸೀಳು. ಅವನ್ನೆಲ್ಲ ಜೋಡಿಸಿ, ಎರಡೂ ಸ್ಕ್ಯಾನನ್ನು ಒಂದರ ಮೇಲೊಂದು ಕೂರಿಸಿ, ಇಡೀ ತಲೆಯನ್ನೇ ಕಟ್ಟಿಟ್ಟಿದ್ದರು. ಮೂಳೆ ಬೂದು, ಗೆಡ್ಡೆ ಹಸಿರು, ರಕ್ತನಾಳ ಕೆಂಪು, ಕಣ್ಣಿನ ನರ ಹಳದಿ. ಮೌಸ್ ಎಳೆದರೆ ಸುತ್ತಲೂ ತಿರುಗುತ್ತಿತ್ತು.

ಅಮ್ಮ ತುಂಬಾ ಹೊತ್ತು ನೋಡಿದಳು. "ಇದು ಗೆಡ್ಡೆ ಥರ ಇಲ್ವಲ್ಲಮ್ಮ, ಕಾವಲಿಗೆ ಹತ್ತಿಕೊಂಡ ದೋಸೆ ಥರ ಇದೆ" ಅಂದಳು. "ಸರಿಯಾಗಿ ಹೇಳಿದ್ರಿ ಅಮ್ಮಾ" ಅಂದರು ಡಾಕ್ಟರು. "ಜೊತೆಗೆ ಕಾವಲಿನೂ ದಪ್ಪ ಆಗಿದೆ, ಇಲ್ಲಿ ನೋಡಿ." ಗೆಡ್ಡೆ ಹರಡಿದ ಕಡೆ ಮೂಳೆಯೇ ಊದಿಕೊಂಡು ಕಣ್ಣನ್ನು ಮುಂದಕ್ಕೆ ತಳ್ಳಿತ್ತು. ಎಲ್ಲಿ ತೆರೆಯುತ್ತಾರೆ, ಯಾವ ಮೂಳೆ ತೆಗೆಯುತ್ತಾರೆ, ದೊಡ್ಡ ರಕ್ತನಾಳಕ್ಕೆ ಅಂಟಿದ ಯಾವ ಚೂರನ್ನು ಮುಟ್ಟದೆ ಬಿಡುತ್ತಾರೆ, ಎಲ್ಲವನ್ನೂ ತಿರುಗಿಸಿ ತಿರುಗಿಸಿ ತೋರಿಸಿದರು. ಹೊರಗೆ ಬಂದ ಮೇಲೆ ಅಮ್ಮ, "ಮಾಡಿಸೋಣ ಬಿಡು" ಅಂದಳು. ಆ ಅರ್ಧ ಗಂಟೆಯನ್ನು ನಾನು ಸಾಯುವ ತನಕ ಮರೆಯಲ್ಲ.

ಆಮೇಲೆ ಓದಿ ತಿಳಿದದ್ದು ಒಂದಿದೆ. ನೂರಾರು ದಿಕ್ಕಿನಿಂದ ತೆಗೆದ ಎಕ್ಸ್‌ರೇ ನೆರಳುಗಳಿಂದ ಒಳಗಿನ ಆಕಾರವನ್ನು ಲೆಕ್ಕದಲ್ಲೇ ಮತ್ತೆ ಕಟ್ಟಲು ಒಂದು ಸುಲಭ ದಾರಿಯನ್ನು 1971ರಲ್ಲಿ ಬರೆದವರು ಜಿ. ಎನ್. ರಾಮಚಂದ್ರನ್ ಮತ್ತು ಎ. ವಿ. ಲಕ್ಷ್ಮೀನಾರಾಯಣನ್. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು! ಸಿಟಿ ಲೆಕ್ಕದಲ್ಲಿ ಇಬ್ಬರ ಹೆಸರೂ ಸೇರಿದ 'ರಾಮ್-ಲಾಕ್ ಫಿಲ್ಟರ್' ಇವತ್ತಿಗೂ ಇದೆ. ಅದೇ ವರ್ಷ ಅಕ್ಟೋಬರ್ 1ರಂದು ಲಂಡನ್ನಿನ ವಿಂಬಲ್ಡನ್ನಿನಲ್ಲಿ, ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಕಟ್ಟಿದ ಸಿಟಿ ಯಂತ್ರದಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ಆಯಿತು. ಆಕೆಗೂ ಮೆದುಳಿನಲ್ಲಿ ಗೆಡ್ಡೆಯಿತ್ತು. ಅವರೆಲ್ಲರಿಗೂ ನನ್ನ ನಮಸ್ಕಾರ.

ಆಪರೇಷನ್ ಒಂಬತ್ತು ಗಂಟೆ ಹಿಡಿಯಿತು. ತೆಗೆದ ಮೂಳೆಯ ಜಾಗಕ್ಕೆ ಟೈಟಾನಿಯಂ ಜಾಲರಿ ಕೂರಿಸಿದರು. ಸ್ಕ್ಯಾನಿನಿಂದಲೇ ಅಮ್ಮನ ಬುರುಡೆಯ ಪ್ಲಾಸ್ಟಿಕ್ ಮಾದರಿ ಪ್ರಿಂಟ್ ಮಾಡಿಸಿ, ಅದರ ಮೇಲೆ ಜಾಲರಿಯನ್ನು ಮೊದಲೇ ಬಗ್ಗಿಸಿಟ್ಟುಕೊಂಡಿದ್ದರು. ಸರ್ಜನ್ ಸಾಹೇಬರಿಗೆ, ಐಸಿಯು ಸಿಸ್ಟರ್‌ಗಳಿಗೆ, ರಾತ್ರೋರಾತ್ರಿ ರಕ್ತ ಕೊಟ್ಟ ತಮ್ಮನ ನಾಲ್ವರು ಗೆಳೆಯರಿಗೆ ಏನು ಹೇಳಿದರೂ ಕಡಿಮೆಯೇ. ಅಮ್ಮನ ಕಣ್ಣು ಒಳಗೆ ಸರಿದಿದೆ. ದೃಷ್ಟಿ ಪೂರ್ತಿ ಮರಳಿಲ್ಲ, ಆದರೆ ಮತ್ತೆ ಕಮ್ಮಿಯಾಗಿಲ್ಲ. ಸೂಜಿಗೆ ದಾರ ನಾನೇ ಪೋಣಿಸಿಕೊಡುತ್ತೇನೆ, ಹೂ ಅವಳೇ ಕಟ್ಟುತ್ತಾಳೆ.

ಇನ್ನೊಬ್ಬರಿದ್ದಾರೆ, ಎಂಆರ್‌ಐ ರೂಮಿನ ಟೆಕ್ನಿಷಿಯನ್. ಮೊದಲ ಸಲ ತಾಳಿ ತೆಗೆಯಬೇಕು ಅಂದಾಗ ಅಮ್ಮ ಅತ್ತುಬಿಟ್ಟಿದ್ದಳು. ಅವರು ಅವಸರ ಮಾಡಲಿಲ್ಲ. "ಮಗಳ ಕೈಯಲ್ಲೇ ಇರಲಿ ಅಮ್ಮಾ, ಬಾಗಿಲಲ್ಲೇ ನಿಂತಿರ್ತಾರೆ" ಅಂದರು. ಒಳಗೆ ಆ ಡಬಡಬ ಸದ್ದಿನ ನಡುನಡುವೆ ಮೈಕಿನಲ್ಲಿ, "ಇನ್ನು ಐದೇ ನಿಮಿಷ, ಅಲ್ಲಾಡಬೇಡಿ" ಅಂತ ಧೈರ್ಯ ಹೇಳುತ್ತಲೇ ಇದ್ದರು.

ಮೊನ್ನೆ ಅವರಿಗೆ ಅಂತಲೇ ಅಮ್ಮ ಕೋಡುಬಳೆ ಮಾಡಿದ್ದಳು. ಅವತ್ತು ಅವರಿಗೆ ರಜೆ ಇತ್ತು. ಡಬ್ಬಿಯನ್ನು ಕೌಂಟರಿನಲ್ಲಿ ಕೊಟ್ಟು, ಚೀಟಿ ಅಂಟಿಸಿ ಬಂದಿದ್ದೇವೆ.