ಟನ್ ಆಮೇಲೆ, ಮೊದಲು ಗೋಡೆಯ ಕಿಂಡಿ ಅಳೆಯಿರಿ

ಸಂಪಾದಕರಿಗೆ,

ಬಿಸಿಲು ಏರುತ್ತಿದ್ದಂತೆ ಬ್ಯಾಂಕು, ಲಾಡ್ಜು, ಕಚೇರಿಗಳಲ್ಲಿ ಗೋಡೆ ಕೊರೆದು ಕೂರಿಸಿದ ಹಳೆಯ ಎಸಿಗಳನ್ನು ಬದಲಿಸುವ ಕೆಲಸ ಶುರುವಾಗುತ್ತದೆ. ಖರೀದಿ ಪತ್ರದಲ್ಲಿ ಸಾಮಾನ್ಯವಾಗಿ ಇರುವುದು ಎರಡೇ ಮಾತು: ‘1.5 ಟನ್, 3 ಸ್ಟಾರ್’, ಅಂದರೆ ತಂಪು ಮಾಡುವ ಸಾಮರ್ಥ್ಯ ಮತ್ತು ವಿದ್ಯುತ್ ಉಳಿತಾಯದ ದರ್ಜೆ. ಕಿಂಡಿ ಎಷ್ಟು ಅಗಲ, ಗೋಡೆ ಎಷ್ಟು ದಪ್ಪ, ಯಂತ್ರದ ಹಿಂಬದಿ ಎತ್ತ ತೆರೆದಿದೆ ಎಂಬುದನ್ನು ಯಾರೂ ಬರೆಯುವುದಿಲ್ಲ. ಯಂತ್ರ ಬಂದಿಳಿದ ಮೇಲೆ ಗಾರೆಯವರನ್ನು ಕರೆಸಿ ಕಿಂಡಿ ಹಿಗ್ಗಿಸುವುದೋ, ಉಳಿದ ಸಂದಿಗೆ ಥರ್ಮೋಕೋಲ್ ತುರುಕುವುದೋ ನಡೆಯುತ್ತದೆ.

ಇಲ್ಲಿ ಮುಖ್ಯವಾದ ತಪ್ಪು ಕಣ್ಣಿಗೆ ಬೀಳುವಂಥದ್ದಲ್ಲ. ನಮ್ಮಲ್ಲಿ ಸಿಗುವ ವಿಂಡೋ ಎಸಿ, ಹೆಸರೇ ಹೇಳುವಂತೆ, ಕಿಟಕಿಗೆ ಮಾಡಿದ್ದು. ಅದು ಹೊರಗಾಳಿಯನ್ನು ಎರಡು ಪಕ್ಕದ ಸೀಳುಗಳಿಂದ, ಕೆಲವು ಮಾದರಿಗಳಲ್ಲಿ ಮೇಲಿನಿಂದಲೂ, ಎಳೆದುಕೊಂಡು ಹಿಂಬದಿಯಿಂದ ಬಿಸಿಯಾಗಿ ಉಗುಳುತ್ತದೆ. ಗೋಡೆಗೆಂದೇ ಮಾಡಿದ ಯಂತ್ರದಲ್ಲಿ ಪಕ್ಕದ ಸೀಳೇ ಇರುವುದಿಲ್ಲ. ಎಳೆಯುವುದು, ಉಗುಳುವುದು ಎರಡೂ ಹಿಂಬದಿಯ ಜಾಲರಿಯಿಂದಲೇ. ನ್ಯೂಯಾರ್ಕಿನ ಹಳೆಯ ಅಪಾರ್ಟ್‌ಮೆಂಟ್‌ಗಳಲ್ಲಿರುವುದು ಈ ಬಗೆ. ಅಲ್ಲಿ ತಗಡಿನ ತೋಳು (ಯಂತ್ರ ಕೂರುವ, ಕಿಂಡಿಯೊಳಗಿನ ಚೌಕಟ್ಟು) ಗೋಡೆಯಲ್ಲೇ ಉಳಿಯುತ್ತದೆ, ಒಳಗಿನ ಯಂತ್ರ ಮಾತ್ರ ಬದಲಾಗುತ್ತದೆ. ಹೋಟೆಲ್ ಕೋಣೆಗಳ ತೋಳಿಗೆ 42 ಇಂಚು ಅಗಲ, 16 ಇಂಚು ಎತ್ತರ ಎಂಬ ರೂಢಿಯ ಅಳತೆಯಿದೆ. ಅದಕ್ಕೆ ಹೊಂದದ ಹಳೆಯ ತೋಳುಗಳಿಗೆ ಅಳತೆ ಕೊಟ್ಟು ಯಂತ್ರ ಮಾಡಿಸುತ್ತಾರೆ. (ಅಲ್ಲಿಂದ ತರಿಸಿಕೊಳ್ಳುವ ಆಸೆ ಬೇಡ. ಅಲ್ಲಿನ ವಿದ್ಯುತ್ 60 ಹರ್ಟ್ಜ್, ನಮ್ಮದು 50.) ನಮ್ಮಲ್ಲಿ ಯಂತ್ರದ ಅಳತೆಗೆ ಕಿಂಡಿ ಮತ್ತು ತೋಳನ್ನು ಹೊಂದಿಸಬೇಕೇ ಹೊರತು ಬೇರೆ ದಾರಿಯಿಲ್ಲ.

ಲೆಕ್ಕ ನೋಡಿ. ಒಂಬತ್ತಿಂಚಿನ ಇಟ್ಟಿಗೆ ಗೋಡೆ 230 ಮಿ.ಮೀ.; ಎರಡೂ ಬದಿಯ ಗಿಲಾವು ಸೇರಿದರೆ 260. 1.5 ಟನ್ ಯಂತ್ರ ಸುಮಾರು 660 ಮಿ.ಮೀ. ಅಗಲ, 430 ಎತ್ತರ. ಆಳ ಮಾದರಿಗೆ ತಕ್ಕಂತೆ 680ರಿಂದ 770. ಮುಂಭಾಗವನ್ನು ಕೋಣೆಯೊಳಗೆ ಸ್ವಲ್ಪ ಚಾಚಿ ಕೂರಿಸಿದರೆ ಪಕ್ಕದ ಸೀಳು ಗೋಡೆಯಾಚೆ ಬರುತ್ತದೋ ಇಲ್ಲವೋ ಎಂಬುದನ್ನು ಖರೀದಿಗೆ ಮುಂಚೆ ಆ ಮಾದರಿಯ ನಕ್ಷೆಯಲ್ಲೇ ನೋಡಬೇಕು. ಕಲಬುರಗಿ ಕಡೆಯ ಹಳೆಯ ಕಲ್ಲಿನ ಕಟ್ಟಡಗಳಲ್ಲಿ ಗೋಡೆಯೇ ಒಂದೂವರೆ ಅಡಿ ಇರುತ್ತದೆ. ಅಲ್ಲಿ ಸೀಳು ಗೋಡೆಯಲ್ಲಿ ಹೂತುಹೋಗುವುದು ಖಚಿತ. ಕಿಂಡಿಯ ಹೊರ ಅಂಚನ್ನು 45 ಡಿಗ್ರಿ ಓರೆಯಾಗಿ ಕೆತ್ತಿ ಗಾಳಿಗೆ ದಾರಿ ಮಾಡಬೇಕು. ಅದಾಗದಿದ್ದರೆ ಕಿಂಡಿ ಮುಚ್ಚಿಸಿ ಸ್ಪ್ಲಿಟ್ ಹಾಕಿಸುವುದೇ ಮೇಲು.

ಸೀಳು ಮುಚ್ಚಿದ ಯಂತ್ರ ತಾನು ಉಗುಳಿದ ಬಿಸಿಯನ್ನೇ ಮತ್ತೆ ನುಂಗುತ್ತದೆ. ಒತ್ತಡ ಏರುತ್ತದೆ, ಕಂಪ್ರೆಸರ್ ಕಾದು ಅದನ್ನು ಕಾಯುವ ಓವರ್‌ಲೋಡ್ ಸ್ವಿಚ್ ಬಿದ್ದು ನಿಲ್ಲುತ್ತದೆ, ಆರಿದ ಮೇಲೆ ಮತ್ತೆ ಶುರು. ಬೆಳಗ್ಗೆ ಚೆನ್ನಾಗಿ ಓಡಿ ಮಧ್ಯಾಹ್ನ ಮಾತ್ರ ಹೀಗಾದರೆ ಮೊದಲು ಹಿಂಬದಿ ನೋಡಿ. ಆದರೆ ರಿಪೇರಿಗೆ ಬರುವವರ ಬಾಯಲ್ಲಿ ಮೊದಲು ಹೊರಡುವ ಮಾತು ‘ಗ್ಯಾಸ್ ಕಮ್ಮಿಯಾಗಿದೆ’. ವಿಂಡೋ ಎಸಿಯ ಅನಿಲ ಕಾರ್ಖಾನೆಯಲ್ಲೇ ಮುದ್ರೆಯಾದದ್ದು, ಸೋರಿಕೆಯಿಲ್ಲದೆ ಕಮ್ಮಿಯಾಗದು. ಕಳ್ಳರ ಭಯಕ್ಕೆ ಹಾಕಿದ ಕಬ್ಬಿಣದ ಗೂಡು, ಅದರ ಮೇಲೆ ಪಾರಿವಾಳದ ಬಲೆ, ಬಲೆಯಲ್ಲಿ ಕೂತ ಧೂಳು ಕೂಡ ಇದೇ ಕೆಲಸ ಮಾಡುತ್ತವೆ. ಲಾಡ್ಜುಗಳ ಇಕ್ಕಟ್ಟಾದ ಡಕ್ಟಿನಲ್ಲಿ (ಗಾಳಿಗೆಂದು ಬಿಟ್ಟ ಬಾವಿಯಂಥ ಜಾಗದಲ್ಲಿ) ಒಂದರ ಮೇಲೊಂದು ಎಸಿ ಕೂರಿಸಿದರೆ ಕೆಳಗಿನವುಗಳ ಬಿಸಿಯೆಲ್ಲ ಮೇಲಿನ ಮಹಡಿಯ ಯಂತ್ರದ ಪಾಲು.

ಕಿಂಡಿಯ ಅಗಲ, ಎತ್ತರಗಳನ್ನು ಮೂರು ಮೂರು ಕಡೆ ಅಳೆದು ಚಿಕ್ಕದನ್ನೇ ಹಿಡಿಯಬೇಕು. ಮೂಲೆಯಿಂದ ಮೂಲೆಗೂ ಟೇಪ್ ಹಿಡಿಯಿರಿ. ಎರಡು ಓರೆ ಅಳತೆ ಒಂದೇ ಬಾರದಿದ್ದರೆ ಕಿಂಡಿ ಸೊಟ್ಟಗಿದೆ. ತೋಳನ್ನು 18 ಗೇಜ್ ಜಿಐ (ಸತು ಲೇಪಿಸಿದ ಕಬ್ಬಿಣ) ತಗಡಿನಲ್ಲಿ ಮಾಡಿಸಿ, ಯಂತ್ರದ ಸುತ್ತ ಪ್ರತಿ ಬದಿಗೆ 5 ಮಿ.ಮೀ. ಜಾಗ ಬಿಡಿಸಿ. ಹೊರಗೋಡೆಯಿಂದ 15–20 ಮಿ.ಮೀ. ಚಾಚಿದ್ದರೆ ಮಳೆನೀರು ಗೋಡೆಗೆ ಇಳಿಯದು, ಆದರೆ ಪಕ್ಕದ ಸೀಳು ಶುರುವಾಗುವ ಮೊದಲೇ ತೋಳು ಮುಗಿಯಬೇಕು. ತೋಳಿಗೂ ಗೋಡೆಗೂ ನಡುವೆ ಸೀಲೆಂಟ್. ತೋಳಿಗೂ ಯಂತ್ರಕ್ಕೂ ನಡುವೆ ರಬ್ಬರ್ ಫೋಮ್ ಪಟ್ಟಿ. ಯಂತ್ರವನ್ನು ಸಿಮೆಂಟಿನಿಂದ ಮೆತ್ತಿಬಿಡುವವರಿದ್ದಾರೆ. ಸರ್ವಿಸ್‌ಗೆ ಎಳೆಯುವ ದಿನ ಗೋಡೆ ಒಡೆಯಬೇಕಾಗುತ್ತದೆ. ಹೊಸ ಯಂತ್ರ ಚಿಕ್ಕದಾದರೆ ಸಂದಿಗೆ 18 ಮಿ.ಮೀ. ಮರೈನ್ ಪ್ಲೈವುಡ್ ಚೌಕಟ್ಟು ಹಾಕಿಸಿ. ದೊಡ್ಡದಾದರೆ ಅಗಲಕ್ಕೆ ಕೊರೆಯುವಾಗ ಲಿಂಟಲ್ (ಕಿಂಡಿಯ ಮೇಲಿನ ಅಡ್ಡತೊಲೆ) ಎರಡೂ ಕಡೆ 150 ಮಿ.ಮೀ. ಗೋಡೆಯ ಮೇಲೆ ಕೂತಿರುವಂತೆ ನೋಡಿಕೊಳ್ಳಿ. ಹೊರಗೆ ಚಾಚಿದ ಭಾರಕ್ಕೆ ಕಬ್ಬಿಣದ ಆಂಗಲ್ ಆಸರೆ ಬೇಕೇ ಬೇಕು.

ಬೆಂಗಳೂರಿನ ಹೊಸ ಮೈವಾನ್ (ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದು ಕಟ್ಟಿದ) ಕಟ್ಟಡಗಳಲ್ಲಿ ಕಾಂಕ್ರೀಟ್ ಗೋಡೆಯೇ ಕಟ್ಟಡವನ್ನು ಹೊತ್ತಿರುತ್ತದೆ. ಅಲ್ಲಿ ಆಮೇಲೆ ಕಿಂಡಿ ಕೊರೆಯುವ ಮಾತೇ ಇಲ್ಲ. ಕಾಂಕ್ರೀಟ್ ಸುರಿಯುವ ಮೊದಲೇ ನಕ್ಷೆಯಲ್ಲಿ ಬಂದಿರಬೇಕು.

ಯಂತ್ರ ಹೊರಗಡೆಗೆ ತುಸು ಇಳಿಜಾರಿರಲಿ, ಅರ್ಧ ಇಂಚಿಗಿಂತ ಹೆಚ್ಚು ಬೇಡ. ಅನೇಕ ಮಾದರಿಗಳಲ್ಲಿ ತಳದಲ್ಲಿ ನಿಂತ ನೀರನ್ನು ಫ್ಯಾನಿನ ಅಂಚಿನ ಬಳೆ ಕಂಡೆನ್ಸರ್ (ಬಿಸಿಯನ್ನು ಹೊರಬಿಡುವ ಹಿಂಬದಿಯ ಸುರುಳಿ) ಮೇಲೆ ಚಿಮ್ಮಿಸಿ ತಂಪು ಮಾಡುತ್ತದೆ. ‘ಟಪ್ ಟಪ್ ಸದ್ದು’ ಎಂದು ತಳಕ್ಕೆ ತೂತು ಕೊರೆಸಿದರೆ ಆ ಲಾಭ ಹೋಗುತ್ತದೆ. ಮಂಗಳೂರು, ಉಡುಪಿಯಲ್ಲಿ ಉಪ್ಪುಗಾಳಿಗೆ ಜಿಐ ತಗಡು ಬೇಗ ತುಕ್ಕು ಹಿಡಿಯುವುದರಿಂದ ಪೌಡರ್ ಕೋಟಿಂಗ್, ಸ್ಟೇನ್‌ಲೆಸ್ ಬೋಲ್ಟ್ ಎಂದು ಬರೆಸಿ.

ಟನ್ ವಿಚಾರ ಕೊನೆಗೆ. ಡಬ್ಬಿಯ ಮೇಲಿನ ಸಾಮರ್ಥ್ಯ ಹೊರಗೆ 35 ಡಿಗ್ರಿ ಇರುವಾಗಿನದು. ರಾಯಚೂರು, ಕಲಬುರಗಿಯಲ್ಲಿ ಪಾದರಸ 40 ದಾಟಿದಾಗ ಅಷ್ಟು ಸಿಗದು. ವಿಂಡೋ ಮತ್ತು ಸ್ಪ್ಲಿಟ್‌ಗೆ ಸ್ಟಾರ್ ಪಟ್ಟಿಗಳೇ ಬೇರೆ. ಎರಡರ 5 ಸ್ಟಾರ್ ಒಂದೇ ಅಲ್ಲ.

ಬಿಲ್ ಪಾಸು ಮಾಡುವ ಮುನ್ನ ಮಧ್ಯಾಹ್ನ ಒಂದು ತಾಸು ಓಡಿಸಿ, ಥರ್ಮಾಮೀಟರ್ ಹಿಡಿಯಿರಿ. ಒಳಗೆ ಎಳೆಯುವ ಗಾಳಿಗೂ ಬಿಡುವ ಗಾಳಿಗೂ 8ರಿಂದ 12 ಡಿಗ್ರಿ ಅಂತರ ಬರಬೇಕು. ಹೊರಗೆ ಸೀಳಿನ ಬಾಯಲ್ಲಿನ ಗಾಳಿ ಪಕ್ಕದ ನೆರಳಿನ ಗಾಳಿಗಿಂತ ನಾಲ್ಕೈದು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸಹಿ ಹಾಕಬೇಡಿ.

— ಹವಾನಿಯಂತ್ರಣ ತಂತ್ರಜ್ಞರು, ಕಲಬುರಗಿ